ಹುಳಿರಸ, ಎಂಟುನೂರು ಮೀಟರ್

ಮೇ ತಿಂಗಳ ಎರಡನೆಯ ಮಂಗಳವಾರ ಪಂಚಾಯ್ತಿಯವರು ಯೆರ್ಕೊನ ಮನೆಗೆ ಹೋಗುವ ದಾರಿಯ ತಿರುವಿನಲ್ಲಿ ಕಂದು ಬಣ್ಣದ ಫಲಕವೊಂದನ್ನು ನೆಟ್ಟು ಹೋದರು. ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಹುಳಿರಸ, 800 ಮೀಟರ್’ ಎಂದು ಬರೆದಿತ್ತು. ಯೆರ್ಕೊನ ಮನೆಯವರು ಮಾಡುವುದು ವೈನು ಮತ್ತು ಆಲಿವ್ ಎಣ್ಣೆ.

ಹುಳಿರಸವೆಂದರೆ ವೈನು ಕೆಟ್ಟು ಹುಳಿತರೆ ಆಗುವಂಥದ್ದು. ಪೇಟೆಯವರು ವಿನೆಗರ್ ಅನ್ನುತ್ತಾರೆ, ಅಡ್ರಿಯಾಟಿಕ್ ಸಮುದ್ರದ ನಮ್ಮ ದಲ್ಮಾತಿಯಾ ದ್ವೀಪಗಳಲ್ಲಿ ಕ್ವಾಸಿನಾ ಅನ್ನುತ್ತೇವೆ. ಸಲಾಡಿಗೆ ಒಂದು ಚಮಚ ಹಾಕಿಕೊಂಡರೆ ಸೊಗಸು. ವೈನು ಮಾಡುವವನ ದಾರಿಯಲ್ಲಿ ಬರೆದು ನಿಲ್ಲಿಸಿದರೆ ಮಾತ್ರ, ಸೂಲಗಿತ್ತಿಯ ಬಾಗಿಲಿಗೆ ‘ಸ್ಮಶಾನಕ್ಕೆ ದಾರಿ’ ಎಂದು ಬರೆದ ಹಾಗೆ.

ಯೆರ್ಕೊ ಅದನ್ನು ಮೊದಲು ನೋಡಿದ್ದು ಸ್ಕೂಟರಿನ ಮೇಲಿಂದ, ಕಾಲುಗಳ ನಡುವೆ ಎಣ್ಣೆಯ ಡಬ್ಬ ಇಟ್ಟುಕೊಂಡು ಬರುವಾಗ. ಓದಿದ. ಪಾಪ, ಯಾರ ಮನೆಯೋ ಎಂದುಕೊಂಡು ಮುಂದೆ ಹೋದ. ಆ ದಾರಿಯಲ್ಲಿ ಅವನ ಮನೆ ಬಿಟ್ಟರೆ ಇನ್ನೊಂದು ಮನೆ ಇಲ್ಲ, ಆಮೇಲೆ ಬರೀ ಸಮುದ್ರ ಎಂಬುದು ಅವನಿಗೆ ಹೊಳೆದದ್ದು ಇನ್ನೂರು ಮೀಟರ್ ದಾಟಿದ ಮೇಲೆ. ಸ್ಕೂಟರು ತಿರುಗಿಸಿ ಬಂದು ಫಲಕದ ಬುಡದಲ್ಲೇ ಗಕ್ಕನೆ ನಿಲ್ಲಿಸಿದ. ಡಬ್ಬ ಉರುಳಿತು. ನಮ್ಮ ದ್ವೀಪದ ಅತ್ಯುತ್ತಮ ಎಣ್ಣೆ ಮೂರು ಲೀಟರು ಪಂಚಾಯ್ತಿಯ ರಸ್ತೆಯ ಹೊಂಡಗಳನ್ನು ತುಂಬಿತು. ಪಂಚಾಯ್ತಿ ಹುಟ್ಟಿದಾಗಿನಿಂದ ಆ ಹೊಂಡಗಳನ್ನು ಯಾರಾದರೂ ತುಂಬಿದ್ದು ಅದೇ ಮೊದಲು.

ಫಲಕದ ಹಿಂದೆ ಒಂದು ಕಾರಣವಿತ್ತು. ನಮ್ಮೂರಿನಲ್ಲಿ ಎಂಬತ್ತು ಮನೆ, ಮನೆತನದ ಹೆಸರು ಮೂರೇ ಮೂರು. ಅಂಚೆಯವನ ಜೀವ ಉಳಿಯಲೆಂದು ಪ್ರತಿ ಮನೆಗೂ ಒಂದು ಅಡ್ಡಹೆಸರು. ಪಂಚಾಯ್ತಿ ಗುಮಾಸ್ತ ನಿಕ್ಷಾ ಅರ್ಧಮೀಸೆಯವರ ಮನೆಯವನು. ಮುದುಕ ವಿಚ್ಕೊ ಒದ್ದೆಕಡ್ಡಿಯವರ ಮನೆಯವನು. ಸಮುದ್ರಕ್ಕೆ ಬಾಗಿದ ಆ ಕಡಿದಾದ ಇಳಿಜಾರಿನಲ್ಲಿ, ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳ ನಡುವೆ, ದ್ರಾಕ್ಷಿ ಮತ್ತು ಆಲಿವ್ ಬೆಳೆಯುವ ಮನೆಯ ಹೆಸರು ಹುಳಿರಸದವರ ಮನೆ. ಬಾಯಲ್ಲಿ ಸವೆದು ಹುಳಿಯವರು.

ಯೆರ್ಕೊ ಆ ಮನೆಗೆ ಮನೆಯಳಿಯ. ದ್ವೀಪದ ಬಡಗಣ ತುದಿಯಲ್ಲಿ ಹಡಗಿನ ಟಿಕೆಟ್ ಹರಿಯುತ್ತಿದ್ದವನು ಪೆರಿನಾಳನ್ನು ಮದುವೆಯಾಗಿ ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಬಂದ. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಗಂಡು ಹುಟ್ಟಿಲ್ಲ. ಅಳಿಯಂದಿರು ಬಂದ ಹಾಗೆಲ್ಲ ಕಾಗದದ ಮೇಲಿನ ಹೆಸರು ಬದಲಾಗುತ್ತ ಹೋಯಿತು, ಅಡ್ಡಹೆಸರು ಮಾತ್ರ ಅಲುಗಲಿಲ್ಲ. ಮದುವೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗಲೇ ವಿಚ್ಕೊ ಕೂಗಿದ್ದ: “ಹುಳಿಯವರ ಮನೆಗೆ ಹೊಸ ಹುಳಿ ಬಂತ್ರಪ್ಪೋ!” ಇಡೀ ಊರು ಚಪ್ಪಾಳೆ ತಟ್ಟಿತು. ಟೋಪಿಗಳು ಮೇಲೆ ಹಾರಿದವು. ಯೆರ್ಕೊ ನಕ್ಕ ಹಾಗೆ ಮಾಡಿದ. ಆ ಚಪ್ಪಾಳೆ ಇಪ್ಪತ್ತು ವರ್ಷ ಅವನ ಕಿವಿಯಲ್ಲಿ ಸೊಳ್ಳೆಯಂತೆ ಕೂತಿತು.

ಹಾಗಾಗಿ ಆರು ವರ್ಷದ ಹಿಂದೆ, ವೈನನ್ನು ಪೀಪಾಯಿಯಿಂದ ಬಾಟಲಿಗೆ ಇಳಿಸಿ ಮಾರುವ ಆಸೆ ಹುಟ್ಟಿದಾಗ, ಯೆರ್ಕೊ ಬಾಟಲಿಗೆ ಒಂದು ಹೊಸ ಹೆಸರು ಹುಡುಕಿದ: ‘ಅಡ್ರಿಯಾಟಿಕ್ ಮುತ್ತು’. ಈ ಕರಾವಳಿಯಲ್ಲಿ ಅದೇ ಹೆಸರಿನ ಎರಡು ದೋಣಿ, ಒಂದು ಹಲ್ಲಿನ ಆಸ್ಪತ್ರೆ, ಒಂದು ಬಟ್ಟೆ ಒಗೆಯುವ ಅಂಗಡಿ ಆಗಲೇ ಇದ್ದವು. ಅವನ ಅತ್ತೆ ಲುಕ್ರೆಗೆ ಎಂಬತ್ತನಾಲ್ಕು ವರ್ಷ. ಮೊಮ್ಮಕ್ಕಳಿಗಷ್ಟೇ ಅಲ್ಲ, ಊರಿಗೆಲ್ಲ ನೋನಾ, ಅಂದರೆ ಅಜ್ಜಿ. ಅವಳು ಬಾಟಲಿಗೆ ಅಂಟಿಸುವ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಮುತ್ತು ಅಂದ್ರೆ ಏನು ಗೊತ್ತೇನೋ ಯೆರ್ಕೊ? ಚಿಪ್ಪಿಗೆ ಬರೋ ಕಾಯಿಲೆ.”

ಈಗ ಆ ಕಾಯಿಲೆಯೂ ಕೈತಪ್ಪುವ ಹೊತ್ತು. ಜೂನ್ ತಿಂಗಳಲ್ಲಿ ಜಿಲ್ಲೆಯಿಂದ ಒಂದು ಸಮಿತಿ ಬರುವುದಿತ್ತು. ಅವರು ‘ವೈನಿನ ದಾರಿ’ ಎಂಬ ನಕ್ಷೆ ಅಚ್ಚು ಹಾಕಿಸುತ್ತಾರೆ. ನಕ್ಷೆಯಲ್ಲಿ ಬಿದ್ದ ಮನೆಯ ಬಾಗಿಲಿಗೆ ಬೇಸಿಗೆಯ ಜನವೆಲ್ಲ ಬಂದು ಬಾಟಲಿ ಕೊಂಡು ಹೋಗುತ್ತದೆ. ಬೀಳದ ಮನೆ ತನ್ನ ದ್ರಾಕ್ಷಿಯನ್ನೆಲ್ಲ ಭೂಶಿರದ ಮೇಲಿನ ದೊಡ್ಡ ಹೋಟೆಲಿಗೆ ಸುರಿಯಬೇಕು. ಹೋಟೆಲು ಅದಕ್ಕೆ ತನ್ನ ಚೀಟಿ ಅಂಟಿಸಿಕೊಳ್ಳುತ್ತದೆ. ಆ ಹೋಟೆಲು ಕೊಲ್ಲಿಯ ಮುಕ್ಕಾಲು ಪಾಲು ನುಂಗಿ, ನಮ್ಮ ಅಜ್ಜಂದಿರು ಚಡ್ಡಿಯಿಲ್ಲದೆ ಈಜು ಕಲಿತ ಬಂಡೆಗಳಿಗೂ ಹಗ್ಗ ಕಟ್ಟಿತ್ತು. ಆರು ವರ್ಷ ಯೆರ್ಕೊ ಬೆನ್ನು ಮುರಿಯುವಂತೆ ದುಡಿದದ್ದು ಆ ಹಗ್ಗದಿಂದ ಈಚೆಗೆ ಉಳಿಯಲಿಕ್ಕೆ.

ಎಣ್ಣೆ ಮೆತ್ತಿದ ಪ್ಯಾಂಟಿನಲ್ಲೇ ಅವನು ಪಂಚಾಯ್ತಿ ಕಚೇರಿಗೆ ನುಗ್ಗಿದ.

“ನಿಕ್ಷಾ! ಏನೋ ಇದು?”

ನಿಕ್ಷಾ ಉಪ್ಪುಮೀನು ತಿನ್ನುತ್ತಿದ್ದವನು ಬೆರಳು ಒರೆಸಿಕೊಂಡ. “ಫಲಕ. ಚೆನ್ನಾಗಿದೆ ಅಲ್ವಾ? ಅಕ್ಷರ ನಾನೇ ಆರಿಸಿದ್ದು.”

“ಹುಳಿರಸ ಅಂತ ಬರೆದಿದ್ದೀಯಲ್ಲೋ!”

“ಜಿಲ್ಲೆಯಿಂದ ಅರ್ಜಿ ನಮೂನೆ ಬಂತು. ‘ತೋಟದ ಹೆಸರು’ ಅಂತ ಒಂದು ಚೌಕ. ನಾನು ಊರವರನ್ನ ಕೇಳ್ದೆ. ನಲವತ್ತು ಜನರನ್ನ ಕೇಳಿದ್ದೀನಿ ಮಾರಾಯ, ನಲವತ್ತೂ ಜನ ಅದನ್ನೇ ಹೇಳಿದ್ರು. ಇಷ್ಟು ಒಗ್ಗಟ್ಟು ನಮ್ಮೂರಲ್ಲಿ ಚುನಾವಣೆಗೂ ಬರಲಿಲ್ಲ.”

“ನನ್ನ ಹೆಸರು ಹಾಕೋಕಾಗ್ತಿರಲಿಲ್ವಾ?”

“ನಿನ್ನ ಹೆಸರು...” ನಿಕ್ಷಾ ಚಾವಣಿ ನೋಡಿದ. “ಯೆರ್ಕೊ ಅನ್ನೋದು ಗೊತ್ತು. ಅದರ ಮುಂದೆ?”

“ನೀನು ನನ್ನ ಮದುವೆಗೆ ಸಾಕ್ಷಿ ಕಣೋ! ರಿಜಿಸ್ಟರಲ್ಲಿ ನನ್ನ ಹೆಸರಿನ ಕೆಳಗೇ ರುಜು ಹಾಕಿದ್ದೀಯ!”

“ನಿಮ್ಮ ಮಾವನ ವೈನು ಕುಡಿದು ಹಾಕಿದ್ದು. ಆವತ್ತು ನನ್ನ ಹೆಸರೂ ನನಗೆ ನೆನಪಿರಲಿಲ್ಲ. ಎಂಥಾ ವೈನು ಅದು!” ನಿಕ್ಷಾನ ಕಣ್ಣು ಒದ್ದೆಯಾಯಿತು. ಆಮೇಲೆ ಗುಮಾಸ್ತನಾದ. “ಬದಲಾಯಿಸಬೇಕಾ? ಅರ್ಜಿ ಬರಿ. ಫಲಕ ಯಾಕೆ ತಪ್ಪು ಅಂತ ಕಾರಣ ಬೇಕು.”

ಯೆರ್ಕೊ ಅಲ್ಲೇ ನಿಂತು, ಉಪ್ಪುಮೀನಿನ ಎಣ್ಣೆ ತಾಗಿದ ಕಾಗದದ ಮೇಲೆ, ಬದುಕಿನಲ್ಲೇ ಗಟ್ಟಿಯಾದ ವಾಕ್ಯ ಬರೆದ: ‘ಈ ತೋಟದಲ್ಲಿ ಹುಳಿರಸ ಮಾಡುವುದಿಲ್ಲ, ಹಿಂದೆ ಮಾಡಿಲ್ಲ, ಒಂದು ತೊಟ್ಟೂ ಇಲ್ಲ ಎಂದು ಪ್ರಮಾಣ ಮಾಡುತ್ತೇನೆ. ಹೊಸ ಹೆಸರು: ಅಡ್ರಿಯಾಟಿಕ್ ಮುತ್ತು.’ ಉತ್ತರ ಬರಲಿಲ್ಲವೆಂದು ಮರುದಿನ ಇನ್ನೊಂದು ಬರೆದ. ತಿಂಗಳು ಮುಗಿಯುವುದರೊಳಗೆ ಹನ್ನೊಂದು ಅರ್ಜಿಗಳಾದವು. ಹನ್ನೊಂದರಲ್ಲೂ ಪ್ರಮಾಣವಿತ್ತು.

ಫಲಕ ಮಾತ್ರ ಸರ್ಕಾರಿ ನೌಕರರಂತೆ ಅಲ್ಲ, ಮೊದಲ ದಿನದಿಂದಲೇ ಕೆಲಸ ಶುರು ಮಾಡಿತ್ತು. ಗುರುವಾರ ಒಂದು ಜರ್ಮನ್ ದಂಪತಿ ಖಾಲಿ ಬಾಟಲಿ ಹಿಡಿದು ಅಂಗಳಕ್ಕೆ ಬಂದರು. ಯೆರ್ಕೊ ಮೇಲಿನ ಗೋಡೆಯಲ್ಲಿ ಜಾರಿದ ಕಲ್ಲು ಕೂಡಿಸುತ್ತಿದ್ದ. ನೋನಾ ಅವರನ್ನು ಅಂಜೂರದ ಮರದ ಕೆಳಗೆ ಕೂರಿಸಿ, ಆ ಮನೆಯಲ್ಲಿ ಎಲ್ಲರಿಗೂ ಕೊಡುವಂತೆ ಕೆಂಪು ವೈನು ಕೊಟ್ಟಳು. ದಂಪತಿ ಚಮಚ ಕೇಳಿದರು. ನೋನಾ ಯಾಕೆ ಎಂದು ಕೇಳುವವಳಲ್ಲ. ಹುಚ್ಚರಿಗೂ ಹಸಿವೆಯಿರುತ್ತದೆಂದು ಚಮಚ ತಂದಳು. ಗಂಡ ಚಮಚದಲ್ಲಿ ಒಂದು ತೊಟ್ಟು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಹೆಂಡತಿಯೂ ಮುಚ್ಚಿದಳು. ಕಣ್ಣು ತೆರೆದ ಮೇಲೆ ಚಮಚ ಬಿಸಾಕಿ ಲೋಟವನ್ನೇ ಎತ್ತಿದರು. ಆಮೇಲೆ ಬ್ರೆಡ್ಡಿನ ಮೇಲೆ ಹಸಿರು ಎಣ್ಣೆ, ಬೆಂಕಿಯಲ್ಲಿ ಸುಟ್ಟ ಸಾರ್ಡೀನ್, ಮತ್ತೆ ಲೋಟ. ಹೊತ್ತು ಮುಳುಗುವಾಗ ಇಬ್ಬರೂ ಕೈಕೈ ಹಿಡಿದುಕೊಂಡು ಇಳಿದು ಹೋದರು. ಹತ್ತುವಾಗ ಅವರು ಒಬ್ಬರ ಜೊತೆ ಒಬ್ಬರು ಮಾತಾಡುತ್ತಿರಲಿಲ್ಲ.

ಮರುದಿನ ಅವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಪೆರಿನಾ ಫೋನು ಹಿಡಿದು ಗಟ್ಟಿಯಾಗಿ ಓದಿದಳು: “‘ಲೋಟಗಟ್ಟಲೆ ಕುಡಿಯಬಹುದಾದ ಇಂಥ ಮೃದು ವಿನೆಗರನ್ನು ನಾವು ಜನ್ಮದಲ್ಲಿ ಕಂಡಿಲ್ಲ. ಆರು ಲೋಟ ಕುಡಿದೆವು. ಹೊಟ್ಟೆಗೆ ಏನೂ ಆಗಲಿಲ್ಲ. ಐದು ನಕ್ಷತ್ರ.’”

“ಅಯ್ಯೋ ದೇವರೇ,” ಎಂದ ಯೆರ್ಕೊ.

“ಐದಕ್ಕೆ ಐದು ಕಣೋ!”

“ವಿನೆಗರಿಗೆ ಐದು ಕಣೇ!”

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಉಪ್ಪಿನಕಾಯಿ ಹಾಕಲೆಂದು ಸೌತೆಕಾಯಿ ಡಬ್ಬಿ ಹಿಡಿದು ಬಂದರು. ತೂಕ ಇಳಿಸಲು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವವರು ಬಂದು ನಾಲ್ಕು ಲೋಟ ಕುಡಿದು, ತೂಕದ ಮಾತು ಮರೆತು, ಹಾಡಿದರು. ಆಚೆ ದಡದಿಂದ ಯೆರ್ಕೊನ ದೊಡ್ಡಪ್ಪನ ಮಗ ಫೋನು ಮಾಡಿ, “ವೈನೆಲ್ಲಾ ಕೆಟ್ಟುಹೋಯ್ತಂತೆ, ಧೈರ್ಯ ತಗೊಳ್ಳೋ,” ಎಂದು ಅತ್ತ. ಚರ್ಚಿನ ಪೂಜೆಗೆ ವೈನು ಹೋಗುವುದು ಈ ಮನೆಯಿಂದಲೇ. ಬಿಷಪ್ಪರ ಕಚೇರಿಯಿಂದ ವಿಚಾರಣೆ ಬಂದಾಗ ನಮ್ಮ ಪಾದ್ರಿ, ಶಿಲುಬೆಯ ಮೇಲೆ ಕರ್ತನಿಗೆ ಕೊಟ್ಟದ್ದೂ ಹುಳಿರಸವೇ ಎಂದು ಉತ್ತರ ಬರೆದು ಕೈತೊಳೆದುಕೊಂಡರು.

ವಿಚ್ಕೊ ದಿನಾ ಸಂಜೆ ಗೋಡೆಯಾಚೆಯಿಂದ ತಲೆ ಹಾಕುತ್ತಿದ್ದ. ಎಂಬತ್ತರ ಮುದುಕ, ಬಾಯಲ್ಲಿ ಹೊತ್ತಿಸದ ಬೀಡಿ.

“ಏನೋ ಹುಳಿ, ಫಲಕ ನೋಡ್ದೆ. ಕೊನೆಗೂ ಹಾಕಿದ್ರಲ್ಲ! ಇನ್ನೂ ದೊಡ್ಡದಾಗಿ ಬರೀಬೇಕಿತ್ತು.”

“ಬಾರ್ಬಾ ವಿಚ್ಕೊ, ನಿಮಗೂ ನಗು ಬರ್ತಿದೆಯಾ?” ಹಿರಿಯರನ್ನು ನಾವು ಬಾರ್ಬಾ ಅನ್ನುತ್ತೇವೆ, ಜಗಳವಾಡುವಾಗಲೂ.

“ನಗು ಯಾಕೋ? ಖುಷಿಯಾಯ್ತು ಅಂತಿದ್ದೀನಿ. ನಾವು ನಾಲ್ಕು ಜನ ಸೇರಿ ಅದಕ್ಕೊಂದು ಹೂವಿನ ಹಾರ ಹಾಕೋಣ ಅಂತಿದ್ವಿ.”

“ಹಾಕಿ! ಸತ್ತವರಿಗೆ ಹಾಕೋ ಹಾಗೆ ಹಾಕಿ!” ಯೆರ್ಕೊ ಸುತ್ತಿಗೆ ಎಸೆದು ಮನೆಯೊಳಗೆ ಹೋದ. ವಿಚ್ಕೊ ಬೀಡಿಯನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿ ನೋನಾಳ ಕಡೆ ನೋಡಿದ. “ಇವನಿಗೇನಾಗಿದೆ ಲುಕ್ರೆ?” “ಬಿಸಿಲು,” ಎಂದಳು ನೋನಾ.

ಜೂನ್ ಮೊದಲ ವಾರ ಹನ್ನೊಂದು ಅರ್ಜಿಗಳಿಗೂ ಸೇರಿ ಒಂದು ಉತ್ತರ ಬಂತು. ಉತ್ತರಕ್ಕೆ ಎರಡು ಕಾಲಿದ್ದವು, ಕಂಕುಳಲ್ಲಿ ಚರ್ಮದ ಚೀಲವಿತ್ತು. ಆಹಾರ ಇಲಾಖೆಯ ಇನ್‌ಸ್ಪೆಕ್ಟರು.

“ಶ್ಯೋರ್ ಯೆರ್ಕೊ,” ಎಂದು ಅವರು ಶುರುಮಾಡಿದರು. ಶ್ಯೋರ್ ಎಂದರೆ ಯಜಮಾನರೇ ಎಂದು. ಇನ್‌ಸ್ಪೆಕ್ಟರು ಹಾಗಂದರೆ ಎದೆ ಹಿಡಿದುಕೊಳ್ಳಬೇಕು. “ಸರ್ಕಾರದ ಫಲಕ ಇಲ್ಲಿ ಹುಳಿರಸ ಇದೆ ಅನ್ನತ್ತೆ. ನೀವು ಇಲ್ಲ ಅಂತೀರಿ. ಸರ್ಕಾರ ಸುಳ್ಳು ಹೇಳಲ್ಲ.”

“ಇಲ್ಲ ಸಾರ್, ಈ ಸಲ ಹೇಳಿಬಿಟ್ಟಿದೆ.”

“ಹೇಳಲ್ಲ. ಹಾಗಾದ್ರೆ ಬಂದ ಜನಕ್ಕೆ ಹುಳಿರಸ ಅಂತ ಹೇಳಿ ವೈನು ಕುಡಿಸಿದ್ದೀರಿ. ಗ್ರಾಹಕರಿಗೆ ಮೋಸ.”

“ಕೆಟ್ಟದ್ದು ಅಂತ ಹೇಳಿ ಒಳ್ಳೇದು ಕೊಟ್ರೆ ಮೋಸವಾ ಸಾರ್?”

“ಮೋಸದಲ್ಲಿ ಒಳ್ಳೇದು ಕೆಟ್ಟದ್ದು ಇಲ್ಲ. ಒಂದು ತೊಟ್ಟೂ ಇಲ್ಲ ಅಂತ ಹನ್ನೊಂದು ಸಲ ಪ್ರಮಾಣ ಮಾಡಿದ್ದೀರಿ. ತೋಟ ನೋಡೋಣ.”

ನೋಡಿದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಾಲುಗಳು, ಪ್ರತಿ ದ್ರಾಕ್ಷಿ ಬುಡಕ್ಕೂ ಅಂಗೈಯಗಲದ ಕೆಂಪು ಮಣ್ಣು, ಉಳಿದದ್ದೆಲ್ಲ ಬಿಳಿ ಕಲ್ಲು. ಕೊಯ್ಲಿನ ಕಾಲದಲ್ಲಿ ಪೆರಿನಾ ಇಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೊಂಚಲು ಕುಯ್ಯುತ್ತಾಳೆ ಎಂದು ತಿಳಿದು ಇನ್‌ಸ್ಪೆಕ್ಟರು ಟೈ ಸಡಿಲಿಸಿದರು. ಸುಣ್ಣ ಗಾರೆ ಏನೂ ಇಲ್ಲದೆ ನೂರಾರು ವರ್ಷ ನಿಂತ ಗೋಡೆಯ ಮೇಲೆ ಕೈಯಾಡಿಸಿದರು. ನೆಲಮಾಳಿಗೆಯಲ್ಲಿ ಪೀಪಾಯಿಗಳ ಮುಂದೆ ಅವರ ದನಿ ತಾನಾಗಿ ಇಳಿಯಿತು. “ಇಷ್ಟು ಚೊಕ್ಕಟ ಜಾಗ ನನ್ನ ಕೆಲಸದಲ್ಲೇ ನೋಡಿಲ್ಲ,” ಎಂದು ಒಪ್ಪಿಕೊಂಡರು. ಯೆರ್ಕೊ ಉಬ್ಬಿದ.

ಆಗ ಇನ್‌ಸ್ಪೆಕ್ಟರು ತೋಟದ ತುದಿಯ ಕಲ್ಲುಗುಡಿಸಲಿನತ್ತ ಬೆರಳು ಮಾಡಿದರು. “ಅದು?”

“ನೋನಾ ಉಪ್ಪಿನಕಾಯಿ ಇಡೋ ಜಾಗ ಸಾರ್. ಅಲ್ಲಿಗೆ ನಮ್ಮನ್ನೂ ಬಿಡಲ್ಲ.”

ನೋನಾ ಆಗಲೇ ಸೊಂಟಕ್ಕೆ ಕಟ್ಟಿದ್ದ ಮೇಲ್‌ಬಟ್ಟೆ, ಪೇಟೆಯವರ ಏಪ್ರನ್, ತೆಗೆದು ಗೂಟಕ್ಕೆ ಹಾಕಿ, ಬೇರೆಯದನ್ನು ಕಟ್ಟಿಕೊಳ್ಳುತ್ತಿದ್ದಳು. ಗುಡಿಸಲಿಗೆ ಹೋಗುವಾಗ ಒಂದು, ನೆಲಮಾಳಿಗೆಗೆ ಹೋಗುವಾಗ ಇನ್ನೊಂದು. ಇಪ್ಪತ್ತು ವರ್ಷದಿಂದ ಯೆರ್ಕೊ ಅದನ್ನು ಮುದುಕರ ಮಡಿಯೆಂದು ತಿಳಿದಿದ್ದ. ಅವಳು ಬಾಗಿಲು ತೆಗೆದಳು. ಕತ್ತಲಲ್ಲಿ, ಎರಡು ಕಲ್ಲಿನ ಮೇಲೆ, ಕರಿಯ ಸಣ್ಣ ಪೀಪಾಯಿ. ಇನ್‌ಸ್ಪೆಕ್ಟರು ಬಟ್ಟೆ ಸರಿಸಿ ಮೂಗು ಇಳಿಸಿದರು. ಮೂಗು ಮೇಲೆ ಬಂದಾಗ ಕಣ್ಣಲ್ಲಿ ನೀರಿತ್ತು.

“ಹುಳಿರಸ,” ಎಂದರು ಭಕ್ತಿಯಿಂದ. ಆಮೇಲೆ ಚೀಲ ತೆರೆದರು. “ಹನ್ನೊಂದು ಸುಳ್ಳು ಪ್ರಮಾಣ.”

“ನೋನಾ! ಇದು ಎಲ್ಲಿಂದ ಬಂತು? ಇದು ಯಾವಾಗಿನಿಂದ ಇದೆ?”

ಪೆರಿನಾ ಹಣೆ ಚಚ್ಚಿಕೊಂಡಳು. “ಇಪ್ಪತ್ತು ವರ್ಷದಿಂದ ಆಕ್ಟೋಪಸ್ ಸಲಾಡನ್ನ ಬಾಯಿ ಚಪ್ಪರಿಸ್ಕೊಂಡು ತಿಂತೀಯಲ್ಲ, ಅದಕ್ಕೆ ಹುಳಿ ಆಕಾಶದಿಂದ ಸುರಿಯತ್ತೆ ಅಂದ್ಕೊಂಡಿದ್ಯಾ?”

“ನಿಂಬೆಹಣ್ಣು ಅಂದ್ಕೊಂಡಿದ್ದೆ,” ಎಂದ ಯೆರ್ಕೊ.

ವರದಿ ಸಮಿತಿಗೆ ಹೋಯಿತು. ಸಮಿತಿ ಬರುವ ಶನಿವಾರ ಯೆರ್ಕೊ ಬೆಳಿಗ್ಗೆಯೇ ಕ್ಷೌರ ಮಾಡಿಕೊಂಡು, ಎರಡು ಕಡೆ ಕುಯ್ದುಕೊಂಡು, ಕಾಗದ ಅಂಟಿಸಿಕೊಂಡು ನಿಂತಿದ್ದ. ಮೂವರು ಬಂದರು. ಮುಂದೆ ಅಧ್ಯಕ್ಷೆ ಶ್ಯೋರಾ ಅಲೆಮ್ಕಾ, ಕಾಲಿಗೆ ಬೆಟ್ಟ ಹತ್ತುವ ಬೂಟು, ಕೈಯಲ್ಲಿ ಇನ್‌ಸ್ಪೆಕ್ಟರ ವರದಿ. ಅವರ ಹಿಂದೆ ಊರೂ ಬಂತು. ವಿಚ್ಕೊ, ನಿಕ್ಷಾ, ಇನ್ನೂ ಮೂವತ್ತು ಜನ ಬಂದು ಗೋಡೆಯ ಮೇಲೆ ಕಾಗೆಗಳ ಹಾಗೆ ಸಾಲಾಗಿ ಕೂತರು. ನಗಲಿಕ್ಕೆ ಬಂದಿದ್ದಾರೆ ಎಂದು ಯೆರ್ಕೊಗೆ ಗ್ಯಾರಂಟಿಯಾಯಿತು. ಭಾನುವಾರದ ಅಂಗಿ ಹಾಕಿಕೊಂಡು ಯಾಕೆ ಬಂದಿದ್ದಾರೆ ಎಂಬುದು ಮಾತ್ರ ತಿಳಿಯಲಿಲ್ಲ.

ಸಮಿತಿ ವೈನು ಕುಡಿಯಿತು. ಮೂವರೂ ಏನೂ ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು ಮತ್ತೆ ಲೋಟ ಚಾಚಿದರು. ಎಣ್ಣೆಯಲ್ಲಿ ಅದ್ದಿದ ಬ್ರೆಡ್ಡನ್ನು ಅಧ್ಯಕ್ಷೆ ಮೊದಲ ತುತ್ತು ಇಲಾಖೆಯವರ ಹಾಗೆ ತಿಂದು, ಎರಡನೆಯದನ್ನು ಮನುಷ್ಯರ ಹಾಗೆ ತಿಂದರು. ಆಮೇಲೆ ವರದಿ ಬಿಚ್ಚಿದರು.

“ಇಂಥ ವೈನು ಮಾಡೋ ಮನೆಗೆ ಈ ಹೆಸರು ಯಾಕೆ? ಆ ಪೀಪಾಯಿ ಯಾಕೆ?”

“ಅದು ಏನೂ ಇಲ್ಲ, ಊರವರ ಕುಚೋದ್ಯ—” ಎಂದು ಯೆರ್ಕೊ ಬಾಯಿ ಹಾಕಿದ.

“ನೀನು ಸುಮ್ನಿರು,” ಎಂದಳು ನೋನಾ. ಅಧ್ಯಕ್ಷೆಯ ಎದುರು ಕುರ್ಚಿ ಎಳೆದುಕೊಂಡು ಕೂತಳು.

“ನಮ್ಮಜ್ಜ ಮಿಕುಲಾ ಈ ಇಳಿಜಾರಲ್ಲಿ ಹನ್ನೊಂದು ವರ್ಷ ಕಲ್ಲು ಹೊತ್ತ. ಜಾಗ ಒಡೆಯಂದು. ಕಲ್ಲು ದೇವರದು. ಬೆನ್ನು ಮಾತ್ರ ನಮ್ಮಜ್ಜಂದು. ಅರ್ಧ ವೈನು ಒಡೆಯನಿಗೆ ಹೋಗೋದು. ಒಂದು ವರ್ಷ ಆಲಿಕಲ್ಲು ಬಿತ್ತು, ಬಳ್ಳಿಯಲ್ಲಿ ಗೊಂಚಲೇ ಇಲ್ಲ. ಒಡೆಯ, ಹೋದ ವರ್ಷದ ಅಳತೆ ಕೊಡು ಅಂದ. ಮನೇಲಿದ್ದದ್ದೇ ಅಷ್ಟು. ನಮ್ಮಜ್ಜ, ಆಗಲಿ ಒಡೆಯಾ, ಅಂದ. ಒಡೆಯನ ಪೀಪಾಯಿಗೆಲ್ಲ ವೈನು ತುಂಬಿದ. ಒಂದೊಂದಕ್ಕೂ ಒಂದೊಂದು ಸೌಟು ಹುಳಿಯ ಹೆಪ್ಪು ಹಾಕಿದ. ಬಿರಟೆ ಸಡಿಲ ಬಿಟ್ಟ. ಹಡಗಿಗೆ ಕಾಯ್ತಾ ಪೀಪಾಯಿಗಳು ದಡದ ಬಿಸಿಲಲ್ಲಿ ಕೂತವು. ಸಮುದ್ರದಾಚೆ ತ್ರಿಯೆಸ್ತೆ ಪಟ್ಟಣದಲ್ಲಿ ಒಡೆಯನ ಮಗಳ ಮದುವೆ. ನೂರು ಜನ ದೊಡ್ಡವರು ಲೋಟ ಎತ್ತಿ ಕುಡಿದ್ರು. ಮದುಮಗನ ಮುಖ ಹಿಂಡಿದ ನಿಂಬೆಹಣ್ಣಿನ ಹಾಗಾಯ್ತಂತೆ.”

ಗೋಡೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಅದು ಎಷ್ಟೋ ಸಲ ಕೇಳಿದ ಕಥೆಗೆ, ಅದೇ ಜಾಗದಲ್ಲಿ ಬರುವ ನಗು.

“ಒಡೆಯ ಬಂದ. ಚರ್ಚಿನ ಮುಂದೆ ಊರೆಲ್ಲ ನಿಲ್ಲಿಸಿ, ಇವತ್ತಿಂದ ನಿನ್ನ ಹೆಸರು ಹುಳಿರಸ, ನಿನ್ನ ಮಕ್ಕಳು ಮರಿಮಕ್ಕಳದೂ ಅದೇ, ಈ ಮನೆಯ ಒಂದು ತೊಟ್ಟೂ ನನ್ನ ನೆಲಮಾಳಿಗೆಗೆ ಬರಕೂಡದು, ಅಂದ. ಶಿಕ್ಷೆ ಅಂತ ಅಂದಿದ್ದು! ವೈನಿನ ಬದಲು ಇನ್ಮೇಲೆ ಆಲಿವಲ್ಲಿ ಅರ್ಧ ಕೊಡು ಅಂದ. ಆಗ ಆಲಿವ್ ಗಿಡ ಇಷ್ಟುದ್ದ.” ನೋನಾ ಮಂಡಿ ತೋರಿಸಿದಳು. “ಅವು ಕಾಯಿ ಬಿಡೋ ಹೊತ್ತಿಗೆ ಒಡೆಯನೂ ಹೋಗಿದ್ದ, ಅವನ ಚಕ್ರವರ್ತಿಯೂ ಹೋಗಿದ್ದ.”

“ಪೂರ್ತಿ ಹೇಳು ಲುಕ್ರೆ,” ಎಂದ ವಿಚ್ಕೊ ಗೋಡೆಯ ಮೇಲಿಂದ. ಟೋಪಿ ತೆಗೆದಿದ್ದ. “ಹುಳಿಯ ಮನೆ ಅಂತ ಒಡೆಯನ ಆಳುಗಳು ಆಮೇಲೆ ಈ ಹೊಸಿಲೇ ತುಳೀಲಿಲ್ಲ. ನಮ್ಮಜ್ಜನ ಮೂರು ಪೀಪಾಯಿ ಅಳತೆಗೆ ಸಿಗದೆ ಬಚಾವಾಗಿದ್ದು ಈ ನೆಲಮಾಳಿಗೇಲಿ. ಅರ್ಧಮೀಸೆಯವರದು ಎರಡು. ಅರ್ಧ ಊರಿನ ವೈನು ಹುಳಿರಸ ಅಂತ ಹೆಸರು ಹೊತ್ಕೊಂಡು ಇಲ್ಲಿ ಬದುಕಿತು. ನಾವು ಬದುಕಿದ್ವಿ.”

“ಆ ಹೆಪ್ಪು ಅವತ್ತಿಂದು,” ಎಂದಳು ನೋನಾ. “ಅದರ ಹುಳಿ ನೆಲಮಾಳಿಗೆ ವೈನಿಗೆ ತಾಗಬಾರದು ಅಂತಲೇ ನಂಗೆ ಎರಡು ಮೇಲ್‌ಬಟ್ಟೆ. ವರ್ಷಾ ವರ್ಷಾ ಹೊಸ ವೈನಲ್ಲಿ ಒಂದು ತಂಬಿಗೆ ಅದಕ್ಕೆ. ಈ ಮನೆ ಕೊಡೋ ಪಾಲು ಅದೊಂದೇ.”

ಯೆರ್ಕೊ ಲೋಟ ಹಿಡಿದು ನಿಂತೇ ಇದ್ದ. ಕೆನ್ನೆಯ ಮೇಲಿನ ಕಾಗದ ಕಳಚಿ ಲೋಟದೊಳಗೆ ಬಿತ್ತು.

“ಬಾರ್ಬಾ... ನನ್ನ ಮದುವೆ ದಿನ ಚಪ್ಪಾಳೆ ಹೊಡೆದ್ರಲ್ಲ?”

“ಹೊಡೀದೇ? ಹುಳಿಯ ಹೆಸರು ಹೊರೋಕೆ ಹೆಗಲು ಬಂತು ಅಂತ ಹೊಡೆದ್ವಿ.”

“ಯಾರೂ ನಂಗೆ ಹೇಳಲೇ ಇಲ್ಲ!”

“ಊರಿಗೆಲ್ಲ ಗೊತ್ತಿರೋದನ್ನ ಯಾರು ಯಾರಿಗೆ ಹೇಳ್ತಾರೋ?” ಎಂದ ನಿಕ್ಷಾ. ಮೂವತ್ತು ಜನ ತಲೆಯಾಡಿಸಿದರು.

ಅಧ್ಯಕ್ಷೆ ಮೂಗು ಒರೆಸಿಕೊಂಡರು. ತೋಟಕ್ಕೆ ಪೂರ್ತಿ ಅಂಕ. ಸುಳ್ಳು ಪ್ರಮಾಣದ ಕಾಗದವನ್ನು ನಾಲ್ಕಾಗಿ ಮಡಿಸಿ ಬೂಟಿನೊಳಗೆ ಸಿಕ್ಕಿಸಿದರು. ಎದ್ದು ನಿಂತ ಮೇಲೆ ಮಾತ್ರ ದನಿ ಇಲಾಖೆಯದಾಯಿತು. “ಒಂದೇ ಒಂದು ವಿಷಯ. ನಕ್ಷೆ ಅಚ್ಚಿನ ಖರ್ಚು ನಿಮ್ಮ ಭೂಶಿರದ ಹೋಟೆಲಿನವರದ್ದು. ಕಿವಿಗೆ ಹಿತವಾದ ಹೆಸರುಗಳೇ ಇರಬೇಕು ಅಂತ ಅವರ ಶರತ್ತು. ಹುಳಿರಸ ಅಂತ ಅಚ್ಚು ಹಾಕಲ್ಲ. ನೀವೇ ಹನ್ನೊಂದು ಸಲ ಬೇರೆ ಹೆಸರು ಕೇಳಿದ್ದೀರಲ್ಲ, ತೊಂದರೆಯೇ ಇಲ್ಲ. ಗುರುವಾರ ಫಲಕ ಬದಲಾಗತ್ತೆ. ನೀವು ರುಜು ಹಾಕಿ. ಇಲ್ಲದಿದ್ರೆ ನಕ್ಷೆಯಲ್ಲಿ ಜಾಗ ಇಲ್ಲ.”

ಎಲ್ಲರೂ ನೋನಾಳನ್ನು ನೋಡಿದರು. ನೋನಾ ಯೆರ್ಕೊನನ್ನು ನೋಡಿದಳು. “ಮನೆ ಯಜಮಾನ ಅವನು. ಅವನನ್ನ ಕೇಳಿ,” ಎಂದು ಹೇಳಿ, ಮೇಲ್‌ಬಟ್ಟೆ ಬದಲಾಯಿಸಿಕೊಂಡು ಪೀಪಾಯಿಯ ಕಡೆ ನಡೆದಳು. ಯೆರ್ಕೊ ಬಾಯಿ ತೆರೆದ. ಮುಚ್ಚಿದ. ಅಧ್ಯಕ್ಷೆ ಅದನ್ನು ಒಪ್ಪಿಗೆ ಎಂದು ಬರೆದುಕೊಂಡರು.

ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ನಾಲ್ಕು ದಿನವೂ ಯೆರ್ಕೊ ಮಧ್ಯಾಹ್ನಕ್ಕೆ ಆಕ್ಟೋಪಸ್ ಸಲಾಡನ್ನೇ ಕೇಳಿದ. ತುತ್ತು ತುತ್ತಿಗೂ ನಿಲ್ಲಿಸಿ ನಾಲಿಗೆ ಆಡಿಸಿದ. “ನಿಂಬೆಹಣ್ಣಂತೆ,” ಎಂದು ತನ್ನಷ್ಟಕ್ಕೇ ಬೈದುಕೊಂಡ. ಪೆರಿನಾ ಅವನ ತಟ್ಟೆಗೆ ಇನ್ನೊಂದು ಚಮಚ ಸುರಿದಳು.

ಗುರುವಾರ ಪಂಚಾಯ್ತಿಯ ಗಾಡಿ, ಇತಿಹಾಸದಲ್ಲಿ ಮೊದಲ ಸಲ, ಹೇಳಿದ ದಿನ ಹೇಳಿದ ಹೊತ್ತಿಗೆ ಬಂತು. ಹೋಟೆಲಿನ ಕೆಲಸಕ್ಕೆ ಸರ್ಕಾರದ ಚಕ್ರವೂ ಉರುಳುತ್ತದೆ. ಗಾಡಿಯಲ್ಲಿ ಒಬ್ಬನೇ ಕೆಲಸದವನಿದ್ದ. ಏಣಿ ಹಿಡಿಯುವವನಿಗೆ ರಜೆ. ನಿಕ್ಷಾ ಕಾಗದ ಹಿಡಿದು ಇಳಿದ, ಮುಖ ಮಾತ್ರ ಗಾಡಿಯಲ್ಲೇ ಬಿಟ್ಟು ಬಂದವನ ಹಾಗಿದ್ದ. ಹೊಸ ಫಲಕದ ಮೇಲೆ ನೀಲಿ ಅಲೆಯ ಚಿತ್ರ, ಕೆಳಗೆ ‘ಅಡ್ರಿಯಾಟಿಕ್ ಮುತ್ತು’. ವಿಚ್ಕೊ ಗೋಡೆಗೆ ಒರಗಿ ನಿಂತಿದ್ದ. ಹಳೆಯ ಫಲಕಕ್ಕೆ ಯಾರೋ ಲ್ಯಾವೆಂಡರ್ ಹೂವಿನ ಹಾರ ಹಾಕಿದ್ದರು.

“ಮೇಲಿಂದ ಹೇಳಿದ್ದಾರೆ, ನಾನೇನು ಮಾಡ್ಲಿ,” ಎಂದ ನಿಕ್ಷಾ ಯಾರ ಮುಖವನ್ನೂ ನೋಡದೆ. “ಇಲ್ಲೊಂದು ರುಜು ಹಾಕು. ಆಮೇಲೆ ಏಣಿ ಹಿಡ್ಕೋ, ಇವನು ಹತ್ತಿ ಬಿಚ್ತಾನೆ.”

ಯೆರ್ಕೊ ಪೆನ್ನು ತೆಗೆದುಕೊಂಡ. “ಕಾಗದದ ಮೇಲೆ ಯಾವ ಹೆಸರು ಬರೆದಿದ್ದೀಯ?”

“ನಿಂದೇ.”

“ಪೂರ್ತಿ ಓದು.”

ನಿಕ್ಷಾ ಓದಲು ಹೋದ. ಗಂಟಲು ಸರಿಮಾಡಿಕೊಂಡ. “ಯೆರ್ಕೊ... ಯೆರ್ಕೊ... ಮುಂದಿನದು ಖಾಲಿ ಬಿಟ್ಟಿದ್ದೆ. ಏನು ಮಾರಾಯ ನಿನ್ನ ಹೆಸರು?”

ಯೆರ್ಕೊ ಕಾಗದವನ್ನು ಮೊಣಕಾಲ ಮೇಲಿಟ್ಟು ಖಾಲಿ ಜಾಗ ತುಂಬಿದ. ಅಕ್ಷರ ಫಲಕದ್ದಕ್ಕಿಂತ ದಪ್ಪ. ರುಜು ಮಾತ್ರ ಹಾಕಲಿಲ್ಲ. ಹಾಗೇ ಹಿಂದಕ್ಕೆ ಕೊಟ್ಟ. ನಿಕ್ಷಾ ಓದಿದ: ‘ಯೆರ್ಕೊ ಹುಳಿರಸ’.

“ಹುಚ್ಚಾ! ನಕ್ಷೆಯಿಂದ ಹೋಗ್ತೀಯ. ದ್ರಾಕ್ಷಿ ಹೋಟೆಲಿಗೆ ಸುರೀಬೇಕಾಗತ್ತೆ!”

“ಸುರೀಲಾ? ಪೀಪಾಯಿಗೊಂದು ಸೌಟು ಹಾಕೋಕೆ ಹೆಪ್ಪು ಬೇಕಾದಷ್ಟಿದೆ ಅಂತ ಹೋಟೆಲಿನವರಿಗೆ ಹೇಳು.”

ವಿಚ್ಕೊ ಇಪ್ಪತ್ತು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಬೀಡಿಗೆ ಕಡ್ಡಿ ಗೀರಿದ. ಹೊತ್ತಿಕೊಂಡಿತು.

ಕೆಲಸದವನು ಏಣಿಯನ್ನು ಕಂಬಕ್ಕೆ ಆನಿಸಿ, ಸ್ಪಾನರು ಹಲ್ಲಲ್ಲಿ ಕಚ್ಚಿಕೊಂಡು ಎರಡು ಮೆಟ್ಟಿಲು ಹತ್ತಿದ್ದ. ಏಣಿ ಹೊಂಡದಲ್ಲಿ ನಿಂತಿತ್ತು. ಆ ಹೊಂಡದಲ್ಲಿ ಇನ್ನೂ ಎಣ್ಣೆಯಿತ್ತು. ಏಣಿ ಒಂದು ಸಲ ಆ ಕಡೆ ವಾಲಿತು, ಒಂದು ಸಲ ಈ ಕಡೆ.

“ಶ್ಯೋರ್!” ಎಂದು ಅವನು ಹಲ್ಲಿನ ಸಂದಿಯಿಂದ ಕೂಗಿದ. “ಹಿಡ್ಕೊಳ್ಳಿ ಶ್ಯೋರ್!”

ಯೆರ್ಕೊ ಎರಡೂ ಕೈಗಳನ್ನು ಜೇಬಿಗೆ ಇಳಿಸಿದ.

“ಇಳಿಯಪ್ಪಾ ಕೆಳಗೆ,” ಎಂದ. “ನಾನು ಹಿಡಿಯಲ್ಲ.”